ಕೋಟೆಯ ಕಾಗೆಯ ವಂದನೆಗಳು

ಲಂಡನ್ನಿನ ಹಳೆಯ ಕೋಟೆಯಲ್ಲಿ ಸಾಕಿದ ಕಾಗೆಗಳಿವೆ. ಅವು ಕೋಟೆ ಬಿಟ್ಟು ಹೋದರೆ ರಾಜ್ಯವೇ ಬೀಳುತ್ತದೆಂದು ಅಲ್ಲಿನವರ ನಂಬಿಕೆ. ಡಿಸೆಂಬರಿನ ಕೊನೆಯ ದಿನ ಅವುಗಳಲ್ಲಿ ಹಿರಿಯ ಕಾಗೆ ಭಾಷಣ ಮಾಡುತ್ತಿತ್ತು.

"ಮಾಂಸ ಹಾಕಿದ ಕಾವಲುಗಾರರಿಗೆ ವಂದನೆಗಳು. ಈ ವರ್ಷವೂ ಮಂತ್ರಿಗಳು ಬಂದರು, ಹೋದರು, ನಾವು ಹೋಗಲಿಲ್ಲ. ಮುಂದಿನ ವರ್ಷವೂ ಹೋಗುವುದಿಲ್ಲ, ಆದ್ದರಿಂದ ಬ್ರಿಟನ್ ಗಟ್ಟಿಯಾಗಿರುತ್ತದೆ. ನನ್ನ ಭವಿಷ್ಯ ಒಮ್ಮೆಯೂ ಸುಳ್ಳಾಗಿಲ್ಲ."

ಪಾರ್ಲಿಮೆಂಟಿನ ಚಾವಣಿಯಿಂದ ಬಂದ ಪಾರಿವಾಳವೊಂದು ಕತ್ತು ಓರೆ ಮಾಡಿ ಕೇಳುತ್ತಿತ್ತು. ಅಲ್ಲಿ ಚಾವಣಿ ಸೋರುತ್ತಿತ್ತು. ಮೊಟ್ಟೆಯಿಡಲು ಅದಕ್ಕೆ ಭದ್ರವಾದ ಜಾಗ ಬೇಕಿತ್ತು.

"ಯಜಮಾನರೇ, ಒಮ್ಮೆಯೂ ಸುಳ್ಳಾಗದ ಭವಿಷ್ಯವೆಂದರೆ ನನಗೆ ಅನುಮಾನ. ಆ ಗೋಡೆಯವರೆಗೆ ಹಾರಿ ಬನ್ನಿ, ನೋಡೋಣ."

"ಹಾರಬಲ್ಲೆ ತಾಯಿ. ಮನಸ್ಸಿಲ್ಲ."

"ನಿನ್ನೆ?"

"ನಿನ್ನೆಯೂ ಮನಸ್ಸಿರಲಿಲ್ಲ."

ಅಷ್ಟರಲ್ಲಿ ಕಾವಲುಗಾರ ಒಂದು ಕೈಯಲ್ಲಿ ಮಾಂಸ, ಇನ್ನೊಂದರಲ್ಲಿ ಕತ್ತರಿ ಹಿಡಿದು ಬಂದ. ಅವನು ಕೇಳುವ ಮೊದಲೇ ಕಾಗೆ ರೆಕ್ಕೆ ಚಾಚಿತು. ಕತ್ತರಿಸಿದ ಗರಿಗಳು ಹುಲ್ಲಿನ ಮೇಲೆ ಬಿದ್ದವು.

"ನಿಮ್ಮ ಮಾತಿನ ಮೇಲೆ ಇವರಿಗೆ ನಂಬಿಕೆಯಿದ್ದರೆ ಕತ್ತರಿ ಯಾಕೆ ಸ್ವಾಮಿ?" ಎಂದಿತು ಪಾರಿವಾಳ.

ಕಾಗೆ ಮಾಂಸ ನುಂಗಿ ಗಂಟಲು ಸರಿಮಾಡಿಕೊಂಡಿತು. "ಭಾಷಣದಲ್ಲಿ ಒಂದು ಮಾತು ಮರೆತಿದ್ದೆ. ಈ ಸಲದ ಕತ್ತರಿ ಬಹಳ ಹರಿತ, ಚೂರೂ ಎಳೆಯಲಿಲ್ಲ. ಅದಕ್ಕೂ ನಮ್ಮ ವಂದನೆಗಳು."

ಪಾರಿವಾಳ ಬಿದ್ದ ಗರಿಯೊಂದನ್ನು ಕಚ್ಚಿಕೊಂಡು ಸೋರುವ ಚಾವಣಿಗೇ ಹಾರಿತು. ಮರಿಗಳು ಕಣ್ಣು ಬಿಟ್ಟೊಡನೆ ಕಾಣುವಂತೆ ಅದನ್ನು ಗೂಡಿನ ಅಂಚಿಗೆ ಸಿಕ್ಕಿಸಿ, ಆಮೇಲೆ ಮೊಟ್ಟೆಯಿಟ್ಟಿತು.