ದೋಣಿಗೆ ನೀರುಣಿಸಿದ ಸಾತುವಿನ ಕಥೆ

ಹೊನ್ನೆ ಎಣ್ಣೆಯ ದೀಪ ಹತ್ತಿತು, ಕುಡಿ ನೆಟ್ಟಗೆ ನಿಂತಿತು. ತಂಬಿಗೆಯಲ್ಲಿ ಅಳಿವೆಯ ನೀರು ತಂದಿಟ್ಟಾಯಿತು. ಹೊಳೆಯು ಕಡಲನ್ನು ಸೇರುವ ಬಾಯಿಗೆ ಅಳಿವೆಯೆಂದು ಹೆಸರು, ಅಲ್ಲಿ ನೆಲೆಸಿದವಳು ಅಳಿವೆಯಮ್ಮ, ಅವಳ ವ್ರತವಿದು. ಅಕ್ಷತೆಯನ್ನು ಅಂಗೈಯಲ್ಲಿ ಹಿಡಿದು ಕೇಳತಕ್ಕದ್ದು. ಹಿಡಿದ ಅಕ್ಷತೆಯನ್ನು ಬಾಯಿಗೆ ಹಾಕಿಕೊಳ್ಳುವ ಮಕ್ಕಳು ಅಜ್ಜಿಯ ಹತ್ತಿರ ಬಂದು ಕೂರಲಿ. ನಿದ್ದೆ ಬಂದವರು ಗೋಡೆಗೆ ಒರಗಬಹುದು, ಗೊರಕೆ ಮಾತ್ರ ಬೇಡ. ಈ ಕಥೆ ಅರೆನಿದ್ದೆಯಲ್ಲಿದ್ದವರಿಗೇ ಹೆಚ್ಚು ಚೆನ್ನಾಗಿ ಕೇಳಿಸುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಪೂರ್ವದಲ್ಲಿ ಪಡುಗಡಲ ತಡಿಯ ಅಳಿವೆಕೇರಿಯೆಂಬ ಊರಿನಲ್ಲಿ ಬಚ್ಚ ಮರಕಾಲನೆಂಬ ಮೀನುಗಾರನೂ, ಅವನ ಹೆಂಡತಿ ಸಾತುವೂ, ಅವನ ಮುದಿ ತಂದೆಯೂ, ತಾಯಿ ಅಕ್ಕುವೂ ವಾಸವಾಗಿದ್ದರು. ಅವರಿಗೆ ಹೊಲವಿಲ್ಲ, ತೋಟವಿಲ್ಲ. ಬಚ್ಚನ ತಂದೆಯು ಹೆಬ್ಬಲಸಿನ ಹಲಗೆ ತರಿಸಿ ಕಟ್ಟಿದ ಹಳೆಯ ದೋಣಿಯೊಂದೇ ಅವರ ಅನ್ನದ ದಾರಿ. ಆ ಕಾಲದ ದೋಣಿಗೆ ಮೊಳೆಯೆಂಬುದಿಲ್ಲ. ಹಲಗೆಗೆ ಹಲಗೆ ಕೂಡಿಸಿ, ಅಂಚಿನುದ್ದಕ್ಕೂ ತೂತು ಕೊರೆದು, ನಡುವೆ ತೆಂಗಿನ ನಾರಿಟ್ಟು, ಹುರಿಹಗ್ಗದಿಂದ ಹೊಲಿಯುವುದು. ಅಂಥ ದೋಣಿಯು ನೀರಿನಲ್ಲಿದ್ದರೆ ಮರ ಉಬ್ಬಿ, ಹಲಗೆಗಳು ಒಂದನ್ನೊಂದು ಅಪ್ಪಿ, ಹನಿ ನೀರನ್ನೂ ಒಳಕ್ಕೆ ಬಿಡದೆ ಇರುವುದು. ದಡದಲ್ಲಿ ಬಿದ್ದು ಒಣಗಿದರೆ ಅಪ್ಪುಗೆ ಸಡಿಲಿ ಬಿರುಕು ಬಿಡುವುದು.

ಹೀಗಿರಲಾಗಿ ದೀಪಾವಳಿ ಕಳೆದ ಮೇಲೆ ಬಚ್ಚನ ತಂದೆಯು ಕಾಲವಾದನು. ಹಿರಿಯನ ದೋಣಿಯನ್ನು ಯುಗಾದಿಯ ತನಕ ನೀರಿಗಿಳಿಸಬಾರದೆಂದು ಕೇರಿಯ ಕಟ್ಟಳೆಯಾದ್ದರಿಂದ ಅದನ್ನು ಎಳೆದು ಮರಳದಿಬ್ಬದ ಮೇಲೆ ಇಟ್ಟರು. ಅಂದಿನಿಂದ ಅಕ್ಕುವು ದಿನಾ ಮುಸ್ಸಂಜೆ ಮನೆಯ ದೀಪ ಹಚ್ಚುವ ಮೊದಲು ಅಳಿವೆಯಿಂದ ಉಪ್ಪುನೀರನ್ನು ಕೊಡದಲ್ಲಿ ಹೊತ್ತು ತಂದು, ದೋಣಿಯ ಒಡಲು ತೊಯ್ಯುವಂತೆ ಹೊಯ್ದು, ಅಳಿವೆಯಮ್ಮನನ್ನು ನೆನೆದು, ಆಮೇಲೆ ತಾನು ನೀರು ಕುಡಿಯುತ್ತಿದ್ದಳು. ಸಿಹಿನೀರು ಮರವನ್ನು ಕೊಳೆಸುವುದಾದ್ದರಿಂದ ಬಾವಿಯ ನೀರು ಸಲ್ಲದು. ಗಂಡನಿಲ್ಲದ ಮುದುಕಿಗೆ ಆ ಹೊತ್ತು ದೋಣಿಯೊಡನೆ ಆಡುವ ಮಾತೂ ಬೇಕಾದಷ್ಟಿತ್ತು.

ಶಿವರಾತ್ರಿ ಕಳೆಯಲಾಗಿ ಅಕ್ಕುವಿನ ಮಗಳಿಗೆ ದೂರದೂರಿನಲ್ಲಿ ಹೆರಿಗೆಯಾಯಿತು. ಬಾಣಂತನಕ್ಕೆ ಹೊರಟ ಅಕ್ಕುವು ಸೊಸೆಯನ್ನು ಕರೆದು, ಕೊಡವನ್ನು ಅವಳ ಕೈಯಲ್ಲಿಟ್ಟು, ಒಂದು ಸಂಜೆಯೂ ತಪ್ಪಬಾರದೆಂದು ಹೇಳಿ, ಹೊಸ್ತಿಲು ದಾಟಿದ ಮೇಲೂ ತಿರುಗಿ ಮತ್ತೊಮ್ಮೆ ಹೇಳಿ ಹೋದಳು.

ಸಾತು ಕೆಟ್ಟವಳಲ್ಲ. ಅಂದಗಾತಿ; ಮಾಡಿದ್ದೆಲ್ಲ ಅಂದವಾಗಿರಬೇಕೆಂಬ ಹಟದವಳು. ಅವಳು ಶೇಡಿಮಣ್ಣು ಕಲಸಿ ಹೊಸ್ತಿಲಿಗೆ ಎಳೆದ ಬಿಳಿಯ ಚಿತ್ತಾರವನ್ನು ನೋಡಲು ಆಚೆಕೇರಿಯಿಂದ ಹೆಂಗಸರು ಬರುತ್ತಿದ್ದರು. ಅಂಥವಳಿಗೆ ಉಪ್ಪುನೀರು ಹೊರುವುದು ಸೇರಲಿಲ್ಲ. ಸೀರೆಯಂಚು ಒದ್ದೆಯಾಗಿ ಮರಳು ಮೆತ್ತುವುದು, ಒಣಗಿದ ಮೇಲೆ ಸೆರಗಿನಲ್ಲಿ ಬಿಳಿಯ ಕಲೆ ಉಳಿಯುವುದು. ಮೊದಲ ಕೆಲವು ಸಂಜೆ ಹೊಯ್ದಳು. ಆಮೇಲೆ ಅರ್ಧ ಕೊಡ ಹೊಯ್ದಳು. ಆಮೇಲೆ ಹಳೆಯ ಮರಕ್ಕೆ ಎಂಥ ಬಾಯಾರಿಕೆಯೆಂದು ಕೊಡವನ್ನು ಮೂಲೆಯಲ್ಲಿ ಬೋರಲು ಹಾಕಿಟ್ಟಳು. ಸೆಖೆ ಏರಿತು, ಬಿಸಿಲು ದೋಣಿಯನ್ನು ನೆಕ್ಕಿತು. ಹಲಗೆಗಳ ನಡುವೆ ಬಿರುಕು ಕಂಡಾಗ ಸಾತು ಹೆದರಿದಳು. ಹೆದರಿ ನೀರು ತರುವುದರ ಬದಲು ಕೆಮ್ಮಣ್ಣು ಕಲಸಿ ಬಿರುಕಿಗೆ ಮೆತ್ತಿ, ಅದರ ಮೇಲೆ ಶೇಡಿಯಿಂದ ಬಳ್ಳಿ ಬರೆದು, ಮೂತಿಯ ಎರಡೂ ಬದಿಗೆ ಕಣ್ಣು ಬರೆದಳು. ಕೇರಿಯವರು ನೋಡಿ ಮದುಮಗಳಂತಿದೆಯೆಂದರು. ಹೊರಗೆ ಥಳುಕು, ಒಳಗೆ ಹುಳುಕು.

ಯುಗಾದಿ ಹತ್ತಿರ ಬರಲು ಬಚ್ಚನು ದೋಣಿಯೊಳಗೆ ಮಲಗಿ ನೋಡಿದನು. ಮಣ್ಣು ಉದುರಿದಲ್ಲೆಲ್ಲ ಬೆಳಕು ತೂರಿಬರುತ್ತಿತ್ತು. ಅವನು ಹೆಂಡತಿಯನ್ನು ಕರೆದು, ದಿನಾ ನೀರು ಹೊಯ್ದೆಯಾ ಎಂದು ಕೇಳಿದನು. ಸಾತು ಹೊಯ್ದೆನೆಂದಳು. ಇದೇ ಅವಳ ನಿಜವಾದ ತಪ್ಪು. ನೀರು ಹೊಯ್ಯದ್ದು ಸೋಮಾರಿತನ, ಇದು ಸುಳ್ಳು. ನೀರು ಕುಡಿದೂ ಬಿರುಕಿದೆಯೆಂದರೆ ಮರವೇ ಸವೆದಿದೆಯೆಂದು ನಂಬಿದ ಬಚ್ಚನು ಹತ್ತಿಯನ್ನೂ ನಾರನ್ನೂ ರಾಳದೆಣ್ಣೆಯಲ್ಲಿ ಅದ್ದಿ, ಉಳಿಯಿಟ್ಟು ಕೊಡತಿಯಿಂದ ಬಡಿದು ಬಡಿದು ಬಿರುಕುಗಳಲ್ಲಿ ಕಲ್ಲಿನಂತೆ ತುಂಬಿದನು. ಒಣಗಿದ ದೋಣಿಗೆ ಅಷ್ಟು ಬಿಗಿದರೆ ನಾಳೆ ಮರ ಉಬ್ಬುವಾಗ ಎಲ್ಲಿಗೆ ಹೋಗಬೇಕು? ಪಾಪ, ಅವನಿಗೇನು ಗೊತ್ತು.

ಯುಗಾದಿಯ ದಿನ ದೋಣಿ ನೀರಿಗಿಳಿಯಿತು. ಹೊಳೆಯಲ್ಲಿ ಚೆನ್ನಾಗಿಯೇ ತೇಲಿತು. ಮರವು ಬಹುದಿನದ ಬಾಯಾರಿಕೆಯನ್ನೆಲ್ಲ ಒಮ್ಮೆಲೇ ತೀರಿಸಿಕೊಳ್ಳುತ್ತ ಉಬ್ಬತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅಳಿವೆಯ ಬಾಯಿಗೆ ಬರಲಾಗಿ, ಉಬ್ಬಿದ ಹಲಗೆಗಳಿಗೆ ಎಡೆ ಸಾಲದೆ, ಹೊಲಿಗೆಯು ಒಂದು ತುದಿಯಿಂದ ಪಟಪಟನೆ ಹರಿಯಿತು. ದೋಣಿಯ ಹೊಟ್ಟೆ ಬಿಚ್ಚಿಕೊಂಡಿತು. ಬಚ್ಚನು ಹುಟ್ಟನ್ನು ತಬ್ಬಿಕೊಂಡು ಹೇಗೋ ಬದುಕಿ ದಡಕ್ಕೆ ಬಂದನು. ಹಲಗೆಗಳೂ ಅವನ ಹಿಂದೆಯೇ ಒಂದೊಂದಾಗಿ ತೇಲಿಬಂದವು, ಒಂದೂ ಮುರಿದಿರಲಿಲ್ಲ.

ಆದರೆ ಬಚ್ಚನು ಒಳಗೊಳಗೇ ಮುರಿದಿದ್ದನು. ಅಪ್ಪಯ್ಯ ಬಾಳಿಸಿದ ದೋಣಿಯನ್ನು ತನ್ನ ಕೈಯ ಕೊಡತಿ ಒಡೆಯಿತೆಂದು ಅವನಿಗಾಯಿತು. ಕಡಲಿಗೆ ಬೆನ್ನು ಹಾಕಿ ಒಳಗಿನ ಗೋಡೆಯ ಕಡೆ ಮುಖ ಮಾಡಿ ಕುಳಿತನು. ಬೇರೆಯವರ ದೋಣಿಗೆ ಕರೆದರೂ ಏಳಲಿಲ್ಲ. ಗಂಜಿ ಇಟ್ಟರೆ ಉಂಡನು, ಇಡದಿದ್ದರೆ ಕೇಳಲಿಲ್ಲ. ಮಾತು ನಿಂತುಹೋಯಿತು. ಕಡಲಿಗೆ ಹೋಗದ ಮರಕಾಲನನ್ನು ಕೇರಿ ಎಷ್ಟು ದಿನ ಸಾಕೀತು? ಉಪ್ಪು ತಿಂದವರು ನೀರು ಕುಡಿಯಲೇಬೇಕು. ತಿಂದವಳು ತಾನು, ಕುಡಿಯುತ್ತಿರುವವನು ಗಂಡ ಎಂಬುದನ್ನು ಕಂಡು ಸಾತುವಿನ ಎದೆ ಸುಟ್ಟಿತು. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ಅವನು ತನ್ನ ಮುಖವನ್ನೂ ನೋಡಲಿಕ್ಕಿಲ್ಲವೆಂದು ಹೆದರಿದಳು.

ಇಂತಿರಲು ಒಂದು ನಡುಹಗಲು ಸಾತು ದಿಬ್ಬದ ಮೇಲೆ ರಾಶಿ ಹಾಕಿದ ಹಲಗೆಗಳ ನೆರಳಿನಲ್ಲಿ ಕುಳಿತು ಅತ್ತು ಅತ್ತು ತೂಕಡಿಸಿದಳು. ಮರಳಿನ ಮೇಲೆ ಬಿಸಿಲು ನೀರಿನಂತೆ ನಡುಗುತ್ತಿತ್ತು. ಆ ನಡುಕದೊಳಗಿಂದ ಮುದುಕಿಯೊಬ್ಬಳು ನಡೆದುಬಂದಳು. ಮಳೆಯಿಲ್ಲದ ಕಾಲದಲ್ಲಿ ಅವಳ ಕೂದಲು ತೊಟ್ಟಿಕ್ಕುತ್ತಿತ್ತು, ತುಟಿ ಮಾತ್ರ ಒಣಗಿ ಬಿರಿದಿತ್ತು. ನೀರು ಬೇಕೆಂದು ಕೈಸನ್ನೆ ಮಾಡಿದಳು. ಸಾತು ತಂಬಿಗೆ ತಂದುಕೊಟ್ಟಳು, ಕುಡಿದಳು. ಕೊಡ ತಂದಳು, ಕುಡಿದಳು. ಕೊಟ್ಟಷ್ಟೂ ಕುಡಿಯುತ್ತ ಹೋದಂತೆ ಮುದುಕಿಯ ತುಟಿಯ ಬಿರುಕುಗಳು ಒಂದೊಂದಾಗಿ ತಾವಾಗಿಯೇ ಮುಚ್ಚಿಕೊಂಡವು. ಸಾತು ನೋಡುತ್ತಲೇ ಇದ್ದಳು. ಕೊನೆಗೆ ಮುದುಕಿ ಬಾಯೊರಸಿಕೊಂಡು ಹೇಳಿದಳು:

"ಒಣ್ಗಿದ್ದನ್ನ ಬಡುಕಾಗ ಮಗಾ. ನೆನುಕೆ ಬಿಡ್ಕ್."

ಒಣಗಿದ್ದನ್ನು ಬಡಿಯಬಾರದು, ನೆನೆಯಲು ಬಿಡಬೇಕು ಎಂದರ್ಥ. ಆಮೇಲೆ ವ್ರತದ ಕ್ರಮವನ್ನು ತಿಳಿಸಿದಳು. ಬಡಿದು ತುಂಬಿದ್ದನ್ನೆಲ್ಲ ಕಿತ್ತು, ಹಲಗೆಗೆ ಅಂಟಿದ ಕಡಲಚಿಪ್ಪುಗಳನ್ನು ಕೆರೆದು ತೆಗೆಯಬೇಕು. ಸ್ವತಃ ಹೊಸೆದ ಹುರಿಯಿಂದ ಮೆತ್ತನೆಯ ನಾರಿಟ್ಟು ಹೊಲಿಯಬೇಕು. ಹೊಲಿದ ಮೇಲೆ ರಾಳ ಹಚ್ಚದೆ, ಬಣ್ಣ ಬಳಿಯದೆ, ಕಲ್ಲು ಹೇರಿ ಹಿನ್ನೀರಿನ ಕೊಲ್ಲಿಯಲ್ಲಿ ಮುಳುಗಿಸಬೇಕು. ಸಂಜೆ ಸಂಜೆ ದಡದಲ್ಲಿ ದೀಪವಿಟ್ಟು ಕಾಯಬೇಕು. ದೋಣಿ ಕುಡಿದು ತಣಿದ ಮೇಲೆ ಎತ್ತಿ, ಆಗಲೂ ಎಲ್ಲಿ ಒಸರುವುದೋ ಅಲ್ಲಿ ಮಾತ್ರ ನಾರು ತುಂಬಿ, ಎಣ್ಣೆ ಕುಡಿಸಬೇಕು. ಅಂದಚಂದವೆಲ್ಲ ಕಡೆಗೆ. ಹೊಲಿಯುವಾಗ ಒಬ್ಬರು ಒಳಗೆ, ಒಬ್ಬರು ಹೊರಗೆ ಇರತಕ್ಕದ್ದು. ಒಳಗಿದ್ದವಳು ಆಚೆಯ ಕೈ ಯಾರದೆಂದು ಇಣುಕಬಾರದು. ಇಷ್ಟು ಹೇಳಿ ಮುದುಕಿ ಹಲಗೆಗಳ ಆಚೆ ಹೋಗಿ ಕುಳಿತಳು. ಸಾತುವಿಗೆ ಎಚ್ಚರವಾಯಿತೋ ಇಲ್ಲವೋ, ಈ ಕಥೆ ಹೇಳುವವರಿಗೆ ಇಂದಿಗೂ ಗೊತ್ತಿಲ್ಲ. ಕೊಡ ಮಾತ್ರ ಖಾಲಿಯಾಗಿತ್ತು.

ಅಂದೇ ಸಾತು ಸೆರಗು ಬಿಗಿದಳು. ತೆಂಗಿನ ನಾರು ಬಡಿದು ಹುರಿ ಹೊಸೆದಳು, ಅಂಗೈ ಬೊಬ್ಬೆ ಬಂದು ಒಡೆಯಿತು. ಹಲಗೆಗಳನ್ನು ಕೆರೆದಳು. ಅವುಗಳನ್ನು ನಿಲ್ಲಿಸಿ ಆನಿಸಿಕೊಡಲು ಕೇರಿಯವರು ಬಂದರು; ಹೊಲಿಗೆಗೆ ಯಾರೂ ನಿಲ್ಲಲಿಲ್ಲ, ಹೆಂಗಸು ಹೊಲಿದ ದೋಣಿಯೆಂದು ನಗುತ್ತ ಹೋದರು. ಸಾತು ಒಳಗೆ ಕುಳಿತು ಹುರಿಯ ತುದಿಯನ್ನು ತೂತಿನಿಂದ ಹೊರಕ್ಕೆ ಚಾಚಿದಳು. ಯಾರೋ ಮೆಲ್ಲನೆ ಎಳೆದುಕೊಂಡರು. ಮುಂದಿನ ತೂತಿನಿಂದ ತುದಿಯು ಮರಳಿ ಒಳಗೆ ಬಂತು, ಒದ್ದೆಯಾಗಿ. ಹೀಗೆಯೇ ದಿನಗಳು ಹೋದವು. ಆಚೆಯಿಂದ ಉಸಿರಿನ ಸದ್ದಿಲ್ಲ, ನೆರಳಿಲ್ಲ. ಕಡಲ ಮೊರೆತ, ಮರದ ವಾಸನೆ, ಹೋಗುವ ಹಗ್ಗ, ಬರುವ ಹಗ್ಗ. ಸಾತು ಕನಸಿನಲ್ಲಿ ನಡೆಯುವವರಂತೆ ಹೊಲಿದಳು. ಒಮ್ಮೆಯೂ ಇಣುಕಲಿಲ್ಲ.

ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ ಬಚ್ಚನ ಕಿವಿಗೆ ಹಲಗೆಯಲ್ಲಿ ಹುರಿ ಸರಿಯುವ ಸದ್ದು ದಿನವೂ ಬೀಳುತ್ತಿತ್ತು. ಕೈ ಕಲಿತ ಕೆಲಸದ ಸದ್ದು ಮನುಷ್ಯನನ್ನು ಸುಮ್ಮನೆ ಕೂರಲು ಬಿಡುವುದೇ?

ಒಂದು ಮುಸ್ಸಂಜೆ ಹೊರಕ್ಕೆ ಹೋದ ಹುರಿ ಎಂದಿನಂತೆ ಮೆಲ್ಲನೆ ಸರಿಯದೆ ಬಿಗಿಯಾಗಿ ಜಗ್ಗಿತು. ಎಳೆದಾದ ಮೇಲೆ ಯಾರೋ ಬೆರಳ ಗೆಣ್ಣಿನಿಂದ ಹಲಗೆಯನ್ನು ಟಕ್ಕೆಂದು ತಟ್ಟಿದರು. ಬಚ್ಚನು ದೋಣಿಯ ಕೆಲಸ ಮಾಡುವಾಗ ಹಾಗೆಯೇ ತಟ್ಟುತ್ತಿದ್ದನು. ಆ ಕೈ ಯಾರದೆಂದು ಸಾತುವಿಗೆ ತಿಳಿಯಿತು. ಏಳಲಿಲ್ಲ, ಇಣುಕಲಿಲ್ಲ. ಹಲಗೆಗೆ ಹಣೆಯಿಟ್ಟು, ಬಿರುಕಿಗೆ ಬಾಯಿಟ್ಟು ಹೇಳಿದಳು:

"ಕಾಣಿ, ನಾ ನೀರ್ ಹೊಯ್ಲಿಲ್ಲ. ಹೊಯ್ದೆ ಅಂದದ್ದ್ ಸುಳ್ಳ್. ದೋಣಿ ಒಡ್ದದ್ದ್ ನಿಮ್ ಕೈಯಿಂದಲ್ಲ."

ಹುರಿಯು ತೂತಿನಲ್ಲಿ ಹಾಗೆಯೇ ನಿಂತಿತು. ಬೆಳಕು ಕರಗಿತು, ಇಳಿತದ ನೀರು ದೂರ ಸರಿಯಿತು. ಸಾತು ಆ ಹುರಿಯನ್ನೇ ನೋಡುತ್ತ ಕುಳಿತಳು. ತನ್ನ ಸಂಸಾರವೆಲ್ಲ ಅದರ ತುದಿಯಲ್ಲಿದೆಯೆಂದು ಅವಳಿಗೆ ತಿಳಿದಿತ್ತು. ಎಷ್ಟೋ ಹೊತ್ತಿನ ಮೇಲೆ ಹುರಿ ಜಗ್ಗಿತು. ಎಂಥ ಎಳೆತವೆಂದರೆ ಅವಳ ಹಣೆ ಹಲಗೆಗೆ ಬಡಿಯಿತು. ಅದರಲ್ಲಿ ಸಿಟ್ಟಿತ್ತು, ಸಿಟ್ಟು ಬರಲೇಬೇಕಾಗಿತ್ತು. ಆದರೆ ಮುಂದಿನ ತೂತಿನಿಂದ ತುದಿಯು ಮರಳಿ ಒಳಗೆ ಬಂತು. ಅವಳು ಅಳುತ್ತಲೇ ಅದನ್ನು ಹಿಡಿದು ಮತ್ತೆ ಚಾಚಿದಳು.

ಹೊಲಿಗೆ ಮುಗಿಯಿತು. ಗಂಡಹೆಂಡಿರು ಕಲ್ಲು ಹೇರಿ ದೋಣಿಯನ್ನು ಕೊಲ್ಲಿಯಲ್ಲಿ ಮುಳುಗಿಸಿದರು. ದುರಸ್ತಿ ಮಾಡುವೆವೆಂದವರು ಮುಳುಗಿಸುತ್ತಾರಲ್ಲ ಎಂದು ಕೇರಿ ಮೂಗಿನ ಮೇಲೆ ಬೆರಳಿಟ್ಟಿತು. ತಿಳಿನೀರಿನ ತಳದಲ್ಲಿ ದೋಣಿ ಮಲಗಿತ್ತು. ಸಣ್ಣ ಮೀನುಗಳು ಅದರೊಳಗೆ ಮನೆಯವರಂತೆ ಓಡಾಡಿದವು. ದಡದ ದೀಪದ ಬೆಳಕು ಅಲೆಯ ಮೇಲಿಂದ ಜಾರಿ ಅದರ ಹೊಟ್ಟೆಗೆ ಇಳಿಯುತ್ತಿತ್ತು. ಇಬ್ಬರೂ ಮಾತಿಲ್ಲದೆ ನೋಡುತ್ತ ಕೂರುತ್ತಿದ್ದರು. ಮೊದಲು ದೂರ ದೂರ, ಆಮೇಲೆ ಹತ್ತಿರ. ಇದೇ ವೇಳೆಗೆ ಬಾಣಂತನ ಮುಗಿಸಿ ಬಂದ ಅಕ್ಕುವು ಮುಳುಗಿದ ದೋಣಿಯನ್ನೂ ದಡದಲ್ಲಿ ಕುಳಿತ ಜೋಡಿಯನ್ನೂ ಕಂಡು ಎದೆ ಬಡಿದುಕೊಂಡಳು. ನಡೆದದ್ದನ್ನೆಲ್ಲ ಕೇಳಿ, ಸೊಸೆಯನ್ನು ಕತ್ತಲಾಗುವ ತನಕ ಬೈದು, ಬೈದು ಮುಗಿದ ಮೇಲೆ ಅವಳ ಒಡೆದ ಅಂಗೈಗೆ ತಾನೇ ಎಣ್ಣೆ ಹಚ್ಚಿದಳು.

ದೋಣಿಯನ್ನು ಎತ್ತಿ ಕಲ್ಲು ಇಳಿಸಿ ನೀರು ಮೊಗೆದರು. ಹಲಗೆಗಳು ಅಪ್ಪಿಕೊಂಡಿದ್ದವು. ಅಲ್ಲಲ್ಲಿ ಒಸರಿದಲ್ಲಿ ನಾರು ತುಂಬಿ, ಹೊನ್ನೆ ಎಣ್ಣೆ ಕುಡಿಸಿ, ಕಡೆಗೆ ಸಾತು ಕೆಮ್ಮಣ್ಣು ಬಳಿದು ಶೇಡಿಯ ಬಳ್ಳಿ ಬರೆದಳು. ಬಚ್ಚನು ದೋಣಿಯನ್ನು ನೀರಿಗಿಳಿಸಿ ಹತ್ತಿದನು. ಅಳಿವೆಯ ಬಾಯಲ್ಲಿ, ಮೊದಲು ಒಡೆದ ಅದೇ ಜಾಗದಲ್ಲಿ, ಕಾಲಡಿಯಲ್ಲಿ ಒಂದಿಷ್ಟು ನೀರು ಜಿನುಗಿತು. ಕೈ ಕೊಡತಿಯ ಕಡೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಕುಡಿ ತಾಯಿ ಎಂದು ಸುಮ್ಮನೆ ಹುಟ್ಟುಹಾಕಿದನು. ಬಲೆ ಬಿಡುವ ಹೊತ್ತಿಗೆ ಜಿನುಗು ನಿಂತಿತ್ತು. ದೋಣಿ ತುಂಬಿ ಬಂತು. ಅಂದು ಸಂಜೆ ಬಚ್ಚನು ಊಟದ ಬಟ್ಟಲನ್ನು ಒಳಗಿನಿಂದ ತಾನೇ ಜಗಲಿಗೆ ತಂದು, ಕಡಲಿಗೆ ಮುಖ ಮಾಡಿ ಕುಳಿತು, ಪಕ್ಕದ ಜಾಗವನ್ನು ಕೈಯಿಂದ ಒರಸಿ, ಕೂತ್ಕೋ ಎಂದು ಸಾತುವನ್ನು ಕರೆದನು. ಅಷ್ಟು ದಿನಗಳಲ್ಲಿ ಅವನು ಅವಳೊಡನೆ ಆಡಿದ ಮೊದಲ ಮಾತು ಅದು.

ಅಲ್ಲಿಂದಾಚೆಗೆ ಅವರ ಮನೆಯಲ್ಲಿ ಬೆಂಕಿಯಾರಲಿಲ್ಲ, ಮಡಕೆ ಬರಿದಾಗಲಿಲ್ಲ, ತೊಟ್ಟಿಲೂ ತೂಗಿತು. ಅಳಿವೆಯಮ್ಮನ ಈ ಕಥೆಯನ್ನು ಓದಿದವರ ದೋಣಿ ಒಡೆಯದಿರಲಿ. ಕೇಳಿದವರ ಮನೆಯಲ್ಲಿ ನಿಂತುಹೋದ ಮಾತು ಮರಳಿ ಬರಲಿ. ದೋಣಿಯಿಲ್ಲದವರು ಕೇಳಿದರೂ ಫಲವುಂಟು, ಇನ್ನೊಬ್ಬರಿಗೆ ಹೇಳಿದರೆ ಅಷ್ಟೇ ಫಲವುಂಟು. ಗೋಡೆಗೊರಗಿ ನಿದ್ದೆಹೋದವರಿಗೂ ತಾಯಿ ಕೊಟ್ಟೇ ಕೊಡುತ್ತಾಳೆ, ಅವಳು ನಮ್ಮಷ್ಟು ಕಟ್ಟುನಿಟ್ಟಲ್ಲ. ಈಗ ಅಕ್ಷತೆಯನ್ನು ದೀಪದ ಮುಂದೆ ಬಿಟ್ಟು ಕೈಮುಗಿಯಿರಿ. ಮನೆಯೊಳಗೆ ಯಾರೊಡನಾದರೂ ಮುನಿಸಿಕೊಂಡಿದ್ದವರು ತಂಬಿಗೆಯ ನೀರನ್ನು ಅವರ ಕೈಗೇ ಕೊಟ್ಟು, ಇಬ್ಬರೂ ಸೇರಿ ದೋಣಿಗೆ ಹೊಯ್ದು ಬನ್ನಿ.