ಪಟ್ಟಿಯಲ್ಲಿಲ್ಲದ ನೆರೆ

"ಗುರುಗಳೇ, ಅಣ್ಣನ ಮೇಲಿನ ಸಿಟ್ಟನ್ನು ಬಿಟ್ಟು ಏಳು ವರ್ಷವಾಯಿತು. ಅವನ ಬಗ್ಗೆ ಯಾರು ಏನು ಹೇಳಲು ಬಂದರೂ ನಾನು ಕೇಳುವುದಿಲ್ಲ. ಹೊಸದಾಗಿ ಒಂದು ಮಾತನ್ನೂ ಒಳಗೆ ಬಿಟ್ಟುಕೊಂಡಿಲ್ಲ. ಆದರೂ ಅವನ ಹೆಸರು ಕಿವಿಗೆ ಬಿದ್ದರೆ ಕೈಯಲ್ಲಿರುವ ತುತ್ತು ಬಾಯಿಗೆ ಹೋಗುವುದಿಲ್ಲ. ಇದೇಕೆ?" ಎಂದು ಶಿಷ್ಯ ಕೇಳಿದ.

ಆ ಶಿಷ್ಯ ಮಠದ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದ. ಗುರುಗಳು ಅವನ ಕಸುಬಿನ ಕತೆಯನ್ನೇ ಹೇಳಿದರು.

ಒಂದು ಅಣೆಕಟ್ಟಿನಲ್ಲಿ ಒಬ್ಬ ಪರದೆಯ ಕಾವಲುಗಾರನಿದ್ದ. ಅವನ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಪರದೆ. ನೀರಿನ ಮಟ್ಟ ಅಳೆಯುವ ನಾಲ್ಕು ಠಾಣೆಗಳಲ್ಲಿ ನಾಲ್ಕು ಕಂಪ್ಯೂಟರುಗಳು. ಅವು ತಾವಿದ್ದಲ್ಲಿಂದಲೇ ಈ ಪರದೆಯ ಮೇಲೆ ತಮ್ಮ ತಮ್ಮ ಚಿತ್ರ ಬರೆಯುತ್ತಿದ್ದವು. ಯಾವ ಕಂಪ್ಯೂಟರು ಬರೆಯಬಹುದು ಎಂಬುದಕ್ಕೆ ಒಂದು ಪಟ್ಟಿ ಇತ್ತು. ಹೆಸರಿದ್ದದ್ದು ಬರೆಯುತ್ತಿತ್ತು. ಹೆಸರಿಲ್ಲದ್ದು ಬಂದು ತಟ್ಟಿದರೆ ಪರದೆ ಹಿಂದಕ್ಕೆ ಕಳಿಸುತ್ತಿತ್ತು. ಆ ಪಟ್ಟಿಯನ್ನು ಕಾಯುವುದೇ ಅವನ ಕೆಲಸ. ನೀರು ಕೆಂಪು ಗೆರೆ ದಾಟಿದರೆ ಯಾರನ್ನೂ ಕೇಳದೆ ಗೇಟು ಎತ್ತಿಸುವ ಅಧಿಕಾರವೂ ಅವನಿಗಿತ್ತು.

ಒಂದು ದಿನ ಹೊಸ ನೌಕರರಿಗೆ ಪಾಠ ಹೇಳಲು ಒಬ್ಬ ಉಪಾಧ್ಯಾಯ ಬಂದ. ಪಾಠದ ಕೋಣೆಯಲ್ಲಿ ಹನ್ನೆರಡು ಕಂಪ್ಯೂಟರುಗಳು. ಎಲ್ಲವೂ ಗೋಡೆಯ ಪರದೆಯ ಮೇಲೆ ಬರೆಯಬೇಕಿತ್ತು. ಹನ್ನೆರಡು ಹೆಸರು ಸೇರಿಸುವುದು, ಆಮೇಲೆ ಹನ್ನೆರಡು ಹೆಸರು ತೆಗೆಯುವುದು ಕಾವಲುಗಾರನಿಗೆ ಬೇಸರವೆನಿಸಿತು. ಒಂದೇ ಒಂದು ಕೂಡಿಸುವ ಚಿಹ್ನೆ ಒತ್ತಿದರೆ ಸಾಕು, ಪರದೆ ಯಾರ ಹೆಸರನ್ನೂ ಕೇಳುವುದಿಲ್ಲ. ಅವನು ಅದನ್ನೇ ಒತ್ತಿದ. ಸಂಜೆ ಪಾಠ ಮುಗಿಯಿತು, ಬಂದವರು ಹೋದರು. ಕಳೆಯುವ ಚಿಹ್ನೆ ಒತ್ತಿ ಪಟ್ಟಿಯನ್ನು ಮತ್ತೆ ಜಾರಿಗೆ ತಂದ. ತೆರೆದು ನೋಡಿದ. ನಾಲ್ಕೇ ಹೆಸರು. ನೆಮ್ಮದಿಯಿಂದ ಮನೆಗೆ ಹೋದ.

ಮೂರನೆಯ ದಿನ ಬೆಳಿಗ್ಗೆ ಪರದೆಯ ಮೇಲೆ ನೀರು ಏರತೊಡಗಿತು. ನೋಡುತ್ತಿದ್ದಂತೆ ಕೆಂಪು ಗೆರೆ ಮುಟ್ಟಿತು, ದಾಟಿತು. ಹಿನ್ನೀರಿನ ಠಾಣೆಯ ಚಿತ್ರ ಅದು. ಆ ಠಾಣೆಯ ಮಾತನ್ನು ಅವನು ಒಮ್ಮೆಯೂ ಅನುಮಾನಿಸಿದವನಲ್ಲ. ಆದರೂ ಪಟ್ಟಿ ತೆರೆದ. ನಾಲ್ಕೇ ಹೆಸರು.

ನವರಾತ್ರಿಗೆ ಮೂರು ದಿನ ಉಳಿದಿತ್ತು. ಘಟ ಕೂರಿಸುವ ಮೊದಲು ಮನೆಯ ಹಾಸಿಗೆ, ಕೌದಿಗಳನ್ನೆಲ್ಲ ಹೊಳೆಗೆ ಹೊತ್ತು ತಂದು ಒಗೆಯುವುದು ಅಲ್ಲಿಯ ವಾಡಿಕೆ. ಅಣೆಕಟ್ಟಿನ ಕೆಳಗೆ ಹೊಳೆಯ ಬಂಡೆಗಳ ಮೇಲೆ ಊರಿನ ಹೆಂಗಸರೆಲ್ಲ ಇದ್ದರು. ಕಾವಲುಗಾರನ ಹೆಂಡತಿಯೂ ಇದ್ದಳು. ಸೈರನ್ ಕೂಗಿದರೆ ಎದ್ದು ದಡ ಸೇರಬಹುದಿತ್ತು. ಆದರೆ ನೆನೆದ ಕೌದಿಯನ್ನು ಬಿಟ್ಟು ಓಡುವ ಹೆಂಗಸು ಆ ಊರಿನಲ್ಲಿ ಇರಲಿಲ್ಲ. ಅದನ್ನು ಹೊತ್ತು ಓಡುವ ಹೆಂಗಸು ಯಾವ ಊರಿನಲ್ಲೂ ಇಲ್ಲ. ಗೇಟು ಎತ್ತಿದರೆ ಇವರು ಹೋಗುತ್ತಾರೆ. ಎತ್ತದೆ ಕಟ್ಟೆ ಒಡೆದರೆ ಕೆಳಗಿನ ಹದಿನಾಲ್ಕು ಊರು ಹೋಗುತ್ತವೆ. ಕಾವಲುಗಾರ ಒಂದು ಕೈಯನ್ನು ಸೈರನ್ನಿನ ಗುಂಡಿಯ ಮೇಲಿಟ್ಟು ಇನ್ನೊಂದು ಕೈಯಿಂದ ಗೇಟಿನವನಿಗೆ ಫೋನ್ ಮಾಡಿದ.

"ಎಲ್ಲ ಗೇಟೂ ಎತ್ತು. ನೀರು ಗೆರೆ ದಾಟಿದೆ."

ಗೇಟಿನವನು ಮುದುಕ. "ಯಾವ ನೀರು ಸಾಹೇಬರೇ? ನಾನು ಈಗಷ್ಟೇ ಹಿನ್ನೀರಿನ ಮೆಟ್ಟಿಲ ಮೇಲೆ, ಮೇಲಿನಿಂದ ಮೂರನೆಯದರಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಬಂದೆ. ನೀರು ಒಂಬತ್ತನೆಯದರಲ್ಲಿದೆ. ನೀವು ಹೇಳುವ ನೀರು ಬಂದಿದ್ದರೆ ಈ ಫೋನ್ ಎತ್ತಲು ನಾನಿರುತ್ತಿರಲಿಲ್ಲ" ಎಂದ.

"ಪಟ್ಟಿಯಲ್ಲಿ ನಾಲ್ಕೇ ಹೆಸರಿವೆ. ಹೊರಗಿನವರು ಇಲ್ಲಿ ಬರೆಯಲು ಸಾಧ್ಯವೇ ಇಲ್ಲ."

"ಇರಬಹುದು ಸಾಹೇಬರೇ. ಪಟ್ಟಿ ನಿಮ್ಮ ಹತ್ತಿರ ಇದೆ, ನೀರು ನನ್ನ ಹತ್ತಿರ ಇದೆ. ನೀವು ಎತ್ತು ಎಂದರೆ ಎತ್ತುತ್ತೇನೆ. ಒಮ್ಮೆ ಬಂದು ನೋಡಿ ಹೇಳಿಬಿಡಿ."

ಕಾವಲುಗಾರ ಸೈರನ್ನಿನಿಂದ ಕೈ ತೆಗೆದು ಓಡಿದ. ಮೆಟ್ಟಿಲಿಳಿದು ನೋಡಿದ. ಏಳು, ಎಂಟು ಒಣಗಿದ್ದವು. ಒಂಬತ್ತನೆಯ ಮೆಟ್ಟಿಲನ್ನು ನೀರು ಮೆಲ್ಲಗೆ ಸವರುತ್ತಿತ್ತು. ಅವನು ಬಗ್ಗಿ ನೀರಿಗೆ ಕೈ ಅದ್ದಿದ. ಗೇಟು ಎತ್ತಬೇಡ ಎಂದು ಮೇಲಿದ್ದ ಗೇಟಿನವನಿಗೆ ಕೈಸನ್ನೆ ಮಾಡಿದ.

ಉಸಿರು ಹಿಡಿತಕ್ಕೆ ಬಂದ ಮೇಲೆ ಕಾವಲುಗಾರ ಕೋಣೆಗೆ ಹಿಂದಿರುಗಿದ. ಈ ಸಲ ಅವನು ಪಟ್ಟಿಯನ್ನು ತೆರೆಯಲಿಲ್ಲ. ಈಗ ಒಳಗೆ ಯಾರು ಯಾರಿದ್ದಾರೆ ಎಂದು ಪರದೆಯನ್ನೇ ಕೇಳಿದ. ಅಷ್ಟು ವರ್ಷ ಅವನು ಆ ಪ್ರಶ್ನೆ ಕೇಳಿರಲಿಲ್ಲ. ಐದು ಹೆಸರು ಬಂದವು. ಐದನೆಯದು ಪಾಠದ ಕೋಣೆಯದು. ಉಪಾಧ್ಯಾಯ ಹಿನ್ನೀರಿನ ಚಿತ್ರದಂಥದೇ ಒಂದು ಚಿತ್ರ ಮಾಡಿ ಅದರ ಮೇಲೆಯೇ ಕೂರಿಸಿದ್ದ. ಎರಡು ದಿನ ಶಾಂತವಾದ ನೀರು, ಮೂರನೆಯ ದಿನ ನೆರೆ. ಪಾಠಕ್ಕೆಂದು ಮಾಡಿದ ಮಾದರಿ ಅದು; ತರಗತಿಯಲ್ಲಿ ಅದನ್ನು ಶುರುಮಾಡಿ ತೋರಿಸಿದ್ದನಷ್ಟೇ. ಹೋಗುವಾಗ ಆರಿಸುವುದನ್ನು ಮರೆತಿದ್ದ. ಹೊಸದಾಗಿ ಬಾಗಿಲಿಗೆ ಬರುವವರನ್ನು ಮಾತ್ರ ಪಟ್ಟಿ ತಡೆಯುತ್ತದೆ. ಬಾಗಿಲು ತೆರೆದಿದ್ದಾಗ ಒಳಗೆ ಬಂದು ಕುಳಿತವರನ್ನು ಅದು ಎಬ್ಬಿಸುವುದಿಲ್ಲ.

ಕಾವಲುಗಾರ ಪರದೆಯನ್ನು ನಡೆಸುವ ಯಂತ್ರವನ್ನೇ ಆರಿಸಿದ. ಗೋಡೆ ಕಪ್ಪಾಯಿತು. ಮತ್ತೆ ಹೊತ್ತಿಸಿದ. ಒಂದೊಂದಾಗಿ ನಾಲ್ಕು ಚಿತ್ರ ಬಂದವು. ಐದನೆಯದು ಬಂದು ತಟ್ಟಿತು, ಹಿಂದಕ್ಕೆ ಹೋಯಿತು. ನೀರು ಗೆರೆಯ ಕೆಳಗೆ ತನ್ನ ಪಾಡಿಗೆ ತಾನಿತ್ತು.

ಮಧ್ಯಾಹ್ನ ಅವನು ಹೊಳೆಗೆ ಇಳಿದು ಹೋದ. ಬಂಡೆಗಳ ಮೇಲೆ ಕೌದಿ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಹೆಂಡತಿ ತಲೆ ಎತ್ತಿ, "ಇದೇನು, ಕೆಲಸದ ಹೊತ್ತಿನಲ್ಲಿ ಇಲ್ಲಿ? ಬಂದದ್ದೇ ಬಂದಿರಿ, ಇದರ ಒಂದು ತುದಿ ಹಿಡಿಯಿರಿ" ಎಂದಳು. ಅವನು ಹಿಡಿದ. ಇಬ್ಬರೂ ಸೇರಿ ಹಿಂಡಿದರು. ಸಂಜೆಯವರೆಗೆ ಅವನು ಊರಿನ ಅರ್ಧ ಕೌದಿಗಳನ್ನು ಹಿಂಡಿಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಹಗುರವಾಗಿತ್ತು.

"ತಿಳಿಯಿತು ಗುರುಗಳೇ. ಏಳು ವರ್ಷ ಬಾಗಿಲನ್ನಷ್ಟೇ ಕಾದೆ. ಅದಕ್ಕೂ ಮೊದಲು ಬಂದವನು ಒಳಗೇ ಕುಳಿತಿದ್ದಾನೆ. ಇಂದಿನಿಂದ ಧ್ಯಾನಕ್ಕೆ ಕೂತು ಎಲ್ಲವನ್ನೂ ಒಮ್ಮೆ ಆರಿಸುತ್ತೇನೆ. ಅವನನ್ನು ಹೊರಗೆ ಹಾಕುತ್ತೇನೆ" ಎಂದ.

ಗುರುಗಳು ಕೇಳಿದರು: "ಕಾವಲುಗಾರ ಪರದೆ ಆರಿಸುವ ಮೊದಲು ಮೆಟ್ಟಿಲಿಳಿದು ನೀರು ನೋಡಿ ಬಂದಿದ್ದ. ನೀನು ಅಣ್ಣನ ಮುಖ ನೋಡಿ ಎಷ್ಟು ವರ್ಷವಾಯಿತು?"