ಮೈಲಾರಿಯ ಎಂಟು ದಿನದ ಮೇಸ್ತ್ರಿಕೆ

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಗುತ್ಯಮ್ಮ, ಮಗ ಮೈಲಾರಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋದರಲ್ಲಿ ಅವನಂಥವನು ದಾವಣಗೆರೆ ಸೀಮೇಲೇ ಇರಲಿಲ್ಲ. ಹಾಲು ಉಕ್ಕುತ್ತಾ ನೋಡು ಅಂದರೆ, ಉಕ್ಕಿ ಒಲೆ ಆರೋ ತನಕ ನೋಡಿ, "ಉಕ್ತು ನೋಡವ್ವ" ಅನ್ನೋನು. ಗುತ್ಯಮ್ಮ ಹಣೆ ಹಣೆ ಬಡ್ಕೊಳ್ಳೋಳು.

ಇಂಥವನ ತಲೆಗೆ ಮೇಸ್ತ್ರಿಕೆ ಬಂತು. ಅವನಪ್ಪ ಚಮನ್ ಸಾಬರ ಮಂಡಕ್ಕಿ ಭಟ್ಟೀಲಿ ಮೇಸ್ತ್ರಿಯಾಗಿದ್ದು ತೀರ್ಕೊಂಡ. ಇವರಿದ್ದ ಮನೆ ಭಟ್ಟಿಯದು, ಮೇಸ್ತ್ರಿಯಾದವನಿಗೆ ಮಾತ್ರ. ಸಾಬರು ಹೇಳಿದರು: "ಎಂಟು ದಿನ ನೋಡ್ತೀನಿ ಗುತ್ಯಮ್ಮ. ನಿನ್ನ ಮಗ ಹತ್ತು ಆಳಿನ ಕೈಲಿ ಕೆಲಸ ತೆಗೆದರೆ ಮನೆ ನಿಮ್ಮದು. ಇಲ್ಲಾಂದರೆ ಗಂಟು ಕಟ್ಟು."

ನಾನಾಗ ಅದೇ ಭಟ್ಟೀಲಿ ಚೀಲ ಹೊರ್ತಿದ್ದೆ. ಬಗಲಿಗೆ ಎರಡೆರಡು, ತಲೆ ಮೇಲೆ ನಾಲ್ಕು. ಮಂಡಕ್ಕಿ ಹಗುರ ಅಂತ ನಗಬೇಡಿ, ಆಗಿನ ಮಂಡಕ್ಕಿ ಒಂದೊಂದೂ ನಿಂಬೆಹಣ್ಣಿನ ಗಾತ್ರ.

ಮೊದಲ ದಿನ ಮೈಲಾರಿ ನಮ್ಮನ್ನೆಲ್ಲ ಪಕ್ಕಕ್ಕೆ ತಳ್ಳಿ, ಒಲೆಗೆ ಹೊಟ್ಟು ತಾನೇ ಹಾಕಿದ, ಬಿಸಿ ಮರಳಲ್ಲಿ ಅಕ್ಕಿ ತಾನೇ ಹುರಿದ, ಜರಡಿ ತಾನೇ ಹಿಡಿದ. ಹತ್ತು ಆಳು ಕೂತು ಎಲೆ ಅಡಿಕೆ ಹಾಕಿದೆವು. ಐದು ಚೀಲ ಅಕ್ಕಿ ಇದ್ದಿಲಾಯ್ತು.

"ಮೇಸ್ತ್ರಿ ಅಂದರೆ ಎಲ್ಲ ತಾನೇ ಮಾಡೋದಲ್ಲೋ ಪೆದ್ದ. ಕೈಗೆ ಬಂದದ್ದನ್ನ ಇನ್ನೊಬ್ಬರ ಕೈಗೆ ದಾಟಿಸಬೇಕು" ಅಂದಳು ತಾಯಿ.

"ಹೂಂ, ದಾಟಿಸ್ತೀನಿ."

ಮಾರನೇ ದಿನ ಸಾಬರು ಮೊಮ್ಮಗನ್ನ ಎತ್ಕೊಂಡು ಬಂದರು. ಲುಂಗಿ ಬಿಗಿ ಮಾಡ್ಕೊಳ್ಳೋಕೆ ಅಂತ ಒಂದು ಗಳಿಗೆ ಕೂಸನ್ನ ಮೈಲಾರಿ ಕೈಗೆ ಕೊಟ್ಟರು. ಅವನು ಒಲೆಯವನಿಗೆ ದಾಟಿಸಿದ. ಒಲೆಯವನು ಹುರಿಯೋನಿಗೆ, ಹುರಿಯೋನು ಜರಡಿಯವನಿಗೆ. ಕೊನೇಲಿ ನಿಂತವನು ನಾನು. ಬಂದದ್ದನ್ನ ಚೀಲಕ್ಕೆ ಹಾಕಿ ತೂಗೋದು ನನ್ನ ಕೆಲಸ, ತೂಗಿದೆ. ಒಂಬತ್ತೂವರೆ ಕೆಜಿ. ಬಾಯಿ ಹೊಲಿಯೋಕೆ ದಬ್ಬಣ ತಗೊಂಡೆ, ಚೀಲ ಸೀನಿತು.

ಅವತ್ತು ಸಾಬರು ಬೈದದ್ದು ಹರಿಹರದ ತನಕ ಕೇಳಿಸ್ತು. ಮನೇಲಿ ತಾಯಿ ಬೈದದ್ದು ಅದಕ್ಕಿಂತ ಮೇಲೆ. ಏನು ಮಾಡೋದಾದರೂ ಮೊದಲು ಹತ್ತು ಜನರನ್ನ ಕೂರಿಸಿ ಕೇಳು, ಎಲ್ಲರ ಮಾತೂ ಮುಗೀಲಿ, ಆಮೇಲೆ ಕೈ ಹಾಕು ಅಂತ ಬುದ್ಧಿ ಹೇಳಿದಳು.

ಅದರ ಮಾರನೇ ದಿನ ಹೊಟ್ಟಿನ ರಾಶಿಗೆ ಕಿಡಿ ಬಿತ್ತು. ಮೈಲಾರಿ ನಮ್ಮನ್ನೆಲ್ಲ ದುಂಡಗೆ ಕೂರಿಸಿದ. ಏನು ಮಾಡೋಣ ಅಂತ ಒಬ್ಬೊಬ್ಬರನ್ನೇ ಕೇಳಿದ. ಒಬ್ಬ ನೀರು ಅಂದ, ಒಬ್ಬ ಮರಳು ಅಂದ, ಒಬ್ಬ ಓಡೋಣ ಅಂದ. ಒಂಬತ್ತು ಮಾತಾಯ್ತು. ಹತ್ತನೆಯವನಾದ ಬುಡೇನ್ ಚೆಂಬು ಹಿಡಿದು ಬಯಲಿಗೆ ಹೋಗಿದ್ದ. ಅವನು ಬರೋ ತನಕ ಕಾಯ್ಬೇಕು ಅಂದ ನಮ್ಮ ಮೇಸ್ತ್ರಿ. ಬುಡೇನ್ ನಿಧಾನಸ್ಥ. ಅವನು ಬಂದು ಬಾಯಿ ತೆರೆಯೋ ಹೊತ್ತಿಗೆ ಅರ್ಧ ರಾಶಿ ಬೂದಿ.

ಯಾರ ತಪ್ಪು ಅಂತ ಸಾಬರು ಕೇಳಿದರು. ಬುಡೇನನ ಹೊಟ್ಟೆಯದು ಅಂದ ಮೈಲಾರಿ.

"ಆಳಿನ ಮೇಲೆ ಹಾಕ್ತಾರೇನೋ? ಏನೇ ಕೆಟ್ಟರೂ ನಂದೇ ತಪ್ಪು ಅನ್ನಬೇಕು, ಹಾಗನ್ನೋನೇ ಯಜಮಾನ" ಅಂದಳು ಗುತ್ಯಮ್ಮ.

ಆಮೇಲೆ ನಾಲ್ಕು ದಿನ ಏನೂ ಕೆಡಲಿಲ್ಲ. ಮೈಲಾರಿ ಜ್ವರ ಬಂದು ಮಲಗಿದ್ದ.

ಎಂಟನೇ ದಿನ ಎದ್ದು ಬಂದ. ಅವತ್ತೇ ದೊಡ್ಡ ವ್ಯಾಪಾರಿ ಲಾರಿ ತಂದ, ನೂರು ಚೀಲ ಬೇಕು ಅಂದ. ಹೋದ ವರ್ಷ ಮಂಡಕ್ಕೀಲಿ ಮರಳಿತ್ತಲ್ಲ ಅಂತ ಗೊಣಗಿದ.

"ನಂದೇ ತಪ್ಪು" ಅಂದ ಮೈಲಾರಿ.

ದಾರೀಲಿ ಲಾರಿ ಪಂಕ್ಚರ್ ಆಯ್ತು ಅಂದ ವ್ಯಾಪಾರಿ. "ನಂದೇ." ಮಗಳ ಸಂಬಂಧ ಮುರೀತು ಅಂದ. "ಅದೂ ನಂದೇ." ವ್ಯಾಪಾರಿ ಕಣ್ಣು ಕೆಂಪಗಾದವು. ಅಲ್ಲೇ ಚಾ ಕುಡೀತಿದ್ದ ಪೊಲೀಸಿನವನು ತಮಾಷೆಗೆ, ಹನುಮಪ್ಪನ ಗುಡಿ ಗಂಟೆ ಕದ್ದವನೂ ನೀನೇ ಏನೋ ಅಂದ. ಹೂಂ ಅಂದ ಮೈಲಾರಿ. ತಮಾಷೆ ಅಲ್ಲಿಗೆ ಮುಗೀತು, ಕರ್ಕೊಂಡು ಹೋದರು.

ಠಾಣೇಲಿ ಹನ್ನೆರಡು ಕಳ್ಳತನ ಒಪ್ಕೊಂಡ. ಹನ್ನೆರಡನೇದು ಅವನು ಹುಟ್ಟೋಕೆ ಮೂರು ವರ್ಷ ಮೊದಲಿನದು. ಠಾಣೆಯ ಸಾಹೇಬರು ಬೆರಳು ಮಡಚಿ ಲೆಕ್ಕ ಹಾಕಿ, ಬೆನ್ನಿಗೆರಡು ಗುದ್ದಿ ಬಿಟ್ಟರು.

ಇತ್ತ ಗುತ್ಯಮ್ಮ ಗಂಟು ಕಟ್ಟಲಿಲ್ಲ, ಸೆರಗು ಕಟ್ಟಿದಳು. ಒಬ್ಬನನ್ನ ಒಲೆಗೆ ಹಚ್ಚಿದಳು, ಒಬ್ಬನನ್ನ ಜರಡಿಗೆ, ಬುಡೇನನ ಚೆಂಬು ಕಸ್ಕೊಂಡಳು. ಸಂಜೆಗೆ ನೂರು ಚೀಲ ಲಾರಿ ಮೇಲೆ. ಏರಿಸಿದವನು ನಾನೊಬ್ಬನೇ, ಅದಿರಲಿ. ಸಾಬರು ಲಾರಿ ನೋಡಿದರು, ಅವಳನ್ನ ನೋಡಿದರು. "ಮೇಸ್ತ್ರಿಕೆ ನಿಂದೇ ಗುತ್ಯಮ್ಮ. ಮನೇಲಿರು. ಆದರೆ ಅವನನ್ನ ಎಲ್ಲಾದರೂ ಇಡು" ಅಂದರು.

ಬೆನ್ನು ನೀವ್ಕೊಳ್ತಾ ಬಂದ ಮಗನಿಗೆ ಭಟ್ಟಿ ಬಾಗಿಲ ಹತ್ತಿರ ಒಂದು ಖುರ್ಚಿ ಹಾಕಿದಳು. "ಇಲ್ಲಿ ಕೂತ್ಕೋ. ಏನೂ ಮಾಡಬೇಡ. ಯಾರು ಏನು ಕೇಳಿದರೂ ಹೂಂ ಅನ್ನು."

ಎದ್ದೇಳು ಅನ್ನೋದನ್ನ ಮರೆತಳು. ಇಪ್ಪತ್ತು ವರ್ಷವಾಯ್ತು. ಹೊಸ ಗೋಡೆ ಕಟ್ಟಿದಾಗಲೂ ಖುರ್ಚಿ ಬಿಟ್ಟು ಬಳಸಿ ಕಟ್ಟಿದರು. ಈಗ ಹೊರಗಿಂದ ಬರೋ ವ್ಯಾಪಾರಿಗಳು, ಬೆವರು ಸುರಿಸ್ತಾ ಓಡಾಡೋ ಮುದುಕಿಯನ್ನ ಆ ಕಡೆ ಸರಿ ಅಂತ ಸರಿಸಿ, ಸೀದಾ ಖುರ್ಚಿ ಹತ್ತಿರ ಹೋಗಿ ಕೈ ಮುಗೀತಾರೆ. ಇಷ್ಟು ಆಳನ್ನ ಕೂತಲ್ಲೇ ದುಡಿಸ್ತೀರಲ್ಲ, ನಿಮ್ಮಂಥ ಮೇಸ್ತ್ರಿ ಈ ಪೇಟೇಲೇ ಇಲ್ಲ ಬಿಡಿ ಅಂತಾರೆ.

ಅವನು ಹೂಂ ಅಂತಾನೆ.